ಜಮಖಾನೆ ಇದ್ದ ಮನೆ

ನಮ್ಮ ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿ ಡ್ರಮ್ಮಿನ ಹಿಂದೆ, ಒಂದು ಜಮಖಾನೆ ಏಳು ತಿಂಗಳು ಸುತ್ತಿಟ್ಟಂತೆಯೇ ನಿಂತಿತ್ತು. ಅದು ನಮ್ಮದಲ್ಲ, ಐದು ಮನೆಗಳಿಗೆ ಸೇರಿದ್ದು. ಕೂಡ್ಲಿಗಿಯಲ್ಲೊಂದು, ಕೊಟ್ಟೂರಿನಲ್ಲಿ ನಮ್ಮದೊಂದು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಒಂದೊಂದು, ಹೀಗೆ ಊರಿಗೊಂದರಂತೆ ಚೆದುರಿಹೋದ ಕ್ರೈಸ್ತ ಮನೆಗಳು ನಮ್ಮವು. ನಾವು ಪೂಜೆಗೆ ಹೋಗುವ ದೇವಾಲಯ, ಎಂದರೆ ಚರ್ಚು, ದೂರ, ಹಬ್ಬಗಳಲ್ಲಿ ಹೋಗಿಬರುತ್ತೇವೆ. ಉಳಿದಂತೆ ತಿಂಗಳ ಎರಡನೇ ಶನಿವಾರ, ಸರ್ಕಾರಿ ರಜೆಯ ದಿನ, ಒಬ್ಬರ ಮನೆಯಲ್ಲಿ ಸೇರುತ್ತೇವೆ. ಜಪಸರದ ಮಣಿ ಎಣಿಸುತ್ತ ಪ್ರಾರ್ಥನೆ ಹೇಳುತ್ತೇವೆ, ಬೈಬಲ್ ಓದುತ್ತೇವೆ, ಮಂಡಕ್ಕಿ ತಿಂದು ಚಹಾ ಕುಡಿದು ಬಸ್ಸೋ ರೈಲೋ ಹಿಡಿಯುತ್ತೇವೆ.

ಜಮಖಾನೆ ಎಂದರೆ ಸಣ್ಣದಲ್ಲ. ಹದಿನಾರು ಜನ ಮೊಣಕಾಲೂರುವಷ್ಟು ಅಗಲ. ಕೆಂಪು, ನೀಲಿ ಪಟ್ಟೆ, ಒಂದು ತುದಿಯ ಕುಚ್ಚುಗಳೆಲ್ಲ ಉದುರಿವೆ. ಪ್ರಾರ್ಥನೆ ಮುಗಿದ ಮೇಲೆ ಮುಂದಿನ ಪಾಳಿಯವರು ಅದನ್ನು ಸುತ್ತಿ, ನೈಲಾನ್ ಹಗ್ಗ ಬಿಗಿದು ತಮ್ಮ ಊರಿಗೆ ಒಯ್ಯುತ್ತಾರೆ. ಜಮಖಾನೆ ಯಾವ ಮನೆಯಲ್ಲಿದೆಯೋ ಮುಂದಿನ ಪ್ರಾರ್ಥನೆ ಆ ಮನೆಯಲ್ಲಿ. ಯಾರೂ ಯಾರಿಗೂ ಕರೆ ಹೇಳುವುದಿಲ್ಲ. ಪಾಳಿಯವರು ಆ ವಾರ ಅದನ್ನು ಒಗೆದು ಒಣಗಿಸುತ್ತಾರೆ, ಉಳಿದವರು ಬಂದು ಕೂರುತ್ತಾರೆ. ಈ ಕ್ರಮವನ್ನು ಯಾರು ಮಾಡಿದರೋ ತಿಳಿಯದು, ನಾನು ಮದುವೆಯಾಗಿ ಬರುವ ಹೊತ್ತಿಗೇ ಇತ್ತು. ತಿನ್ನಲು ಮಂಡಕ್ಕಿ, ಮಿರ್ಚಿ ಬಿಟ್ಟು ಬೇರೇನೂ ಮಾಡಬಾರದೆಂಬುದೂ ಹಾಗೆಯೇ. ಹಡಗಲಿಯಲ್ಲಿ ಪ್ರೈಮರಿ ಶಾಲೆಯ ಟೀಚರ್ ಒಬ್ಬರಿದ್ದಾರೆ. ಅವರು ಒಮ್ಮೆ ಕೇಸರಿಬಾತ್ ಮಾಡಿ ಕೂಡ್ಲಿಗಿಯ ನರ್ಸಕ್ಕನಿಂದ ಬೈಸಿಕೊಂಡಿದ್ದರು.

"ನೀವು ಇವತ್ತು ಕೇಸರಿಬಾತ್ ಮಾಡಿದ್ರ ಮುಂದಿನ ತಿಂಗಳ ನಾನು ಬಿರ್ಯಾನಿ ಮಾಡಬೇಕೇನ್ರಿ? ಆಮ್ಯಾಲ ಪ್ರಾರ್ಥನಿ ಯಾರು ಮಾಡ್ತಾರ?" ಎನ್ನುತ್ತಲೇ ನರ್ಸಕ್ಕ ಎರಡು ಸಲ ಹಾಕಿಸಿಕೊಂಡು ತಿಂದರು.

ನರ್ಸಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಮದುವೆಯಾಗಿಲ್ಲ. ಎಪ್ಪತ್ತರ ಹತ್ತಿರ. ನಮ್ಮಲ್ಲಿ ಜಪಸರದ ಮುಂದಾಳು ಅವರೇ.

ಕಳೆದ ವರ್ಷ ಜಮಖಾನೆ ನಮ್ಮ ಮನೆಗೆ ಬಂದ ಹತ್ತನೇ ದಿನಕ್ಕೆ ನನಗೆ ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಗರ್ಭಕೋಶ ತೆಗೆದರು. ಇದೇನು ದೊಡ್ಡದಲ್ಲ, ಮನೆಗೊಬ್ಬರಿಗೆ ಆಗುತ್ತಿದೆ ಎಂದು ಪಕ್ಕದ ಹಾಸಿಗೆಯವರು ಧೈರ್ಯ ಹೇಳಿದರು. ಇರಬಹುದು. ಆದರೆ ಮನೆಗೆ ಬಂದ ಮೇಲೆ ನನ್ನನ್ನು ಹಿಡಿದ ಸುಸ್ತು ಹೊಲಿಗೆ ಮಾಗಿದರೂ ಬಿಡಲಿಲ್ಲ. ಬೆಳಿಗ್ಗೆ ಎದ್ದು ಹಾಲಿನ ಪಾತ್ರೆ ಒಲೆಯ ಮೇಲಿಡುವಷ್ಟರಲ್ಲಿ ದಿನ ಮುಗಿದಂತೆ ಅನಿಸುತ್ತಿತ್ತು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ, ಇನ್ನೊಂದು ಸಲ ಎತ್ತಬೇಕಲ್ಲ ಎಂದು ಕೈಯೇ ಯೋಚಿಸುತ್ತಿತ್ತು.

ಆ ತಿಂಗಳು ನಮ್ಮ ಐದು ಮನೆಗಳ ವಾಟ್ಸ್ಯಾಪ್ ಗ್ರೂಪಿನಲ್ಲಿ, "ಈ ಸಲ ನಮ್ಮಲ್ಲಿ ಆಗುವುದಿಲ್ಲ, ಕ್ಷಮಿಸಿ" ಎಂದು ಹಾಕಿದೆ. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನರ್ಸಕ್ಕ ಫೋನ್ ಮಾಡಿದರು.

"ಬರ್ಲೇನವಾ? ಎರಡು ದಿನ ಇದ್ದು ಹೋಗ್ತೀನಿ."

"ಬ್ಯಾಡ್ರಿ ನರ್ಸಕ್ಕಾ, ಆರಾಮ ಅದೀನಿ. ಡಾಕ್ಟ್ರು ರೆಸ್ಟ್ ಹೇಳ್ಯಾರ, ಬರೇ ಮಲಗೇ ಇರ್ತೀನಿ."

ನಮ್ಮ ಗುಂಪಿನ ಹಗರಿಬೊಮ್ಮನಹಳ್ಳಿಯ ಟೇಲರ್‌ನ ಹೆಂಡತಿಗೂ ಇದನ್ನೇ ಹೇಳಿದೆ. ಆರಾಮ ಇರಲಿಲ್ಲ. ಆದರೆ ನಾನು ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದವಳು. ಒಮ್ಮೆ ಅಂಗಾಲಿನಲ್ಲಿ ಕುರು ಎದ್ದಾಗ ಯಾರಿಗೂ ಹೇಳದೆ ಮೂರು ದಿನ ಪ್ರಾರ್ಥನೆಗೆಂದು ಚಾಪೆಲ್ಲಿಗೆ ನಡೆದಿದ್ದೆ. ಬಿಳಿ ಕಾಲುಚೀಲಕ್ಕೆ ಕಲೆಯಾದಾಗ ಗೊತ್ತಾಗಿ, ಸಿಸ್ಟರ್ ಇಡೀ ತರಗತಿಯ ಮುಂದೆ ನನ್ನನ್ನು ನಿಲ್ಲಿಸಿ, ನೋವನ್ನು ದೇವರಿಗೆ ಅರ್ಪಿಸುವುದೆಂದರೆ ಹೀಗೆ ಎಂದರು. ಆ ಹೊಗಳಿಕೆಯ ರುಚಿ ನಲವತ್ತಾರು ದಾಟಿದರೂ ನಾಲಗೆಯಿಂದ ಹೋಗಿಲ್ಲ. ಏನಾದರೂ ನೋವಾದರೆ ಮೊದಲು ಬಾಗಿಲು ಮುಚ್ಚುವುದು ನನ್ನ ಅಭ್ಯಾಸ.

ಎರಡನೇ ತಿಂಗಳು ಯಾರೂ ಫೋನ್ ಮಾಡಲಿಲ್ಲ. ಮೂರನೆಯ ತಿಂಗಳೂ ಇಲ್ಲ. ಗ್ರೂಪಿನಲ್ಲಿ ಬೆಳಗಿನ ಹೂವಿನ ಚಿತ್ರಗಳು ಬರುತ್ತಿದ್ದವು, ಅಷ್ಟೆ. ಮೊದಲೆಲ್ಲ ಪ್ರಾರ್ಥನೆ ಮುಗಿದ ಸಂಜೆ ಟೇಲರ್ ತಪ್ಪದೆ ಫೋಟೊ ಹಾಕುತ್ತಿದ್ದ, ಅರ್ಧ ಜನರ ತಲೆ ಕತ್ತರಿಸಿದ ಫೋಟೊ. ಈಗ ಅದೂ ಇಲ್ಲ. ಎರಡನೇ ಶನಿವಾರ ರಾಗಿ ಹಸನು ಮಾಡುತ್ತ ಕೂತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ಹೊಳೆದದ್ದೇ ಖಚಿತವೂ ಆಯಿತು. ಇವರು ನನ್ನನ್ನು ಬಿಟ್ಟು ಬೇರೆ ಗ್ರೂಪ್ ಮಾಡಿಕೊಂಡಿದ್ದಾರೆ. ಹೊಸ ಜಮಖಾನೆಯನ್ನೂ ತಂದಿರಬೇಕು. ಅದರ ಬಣ್ಣವೂ ನನಗೆ ಕಂಡಿತು, ಹಸಿರು. ಅದರ ಮೇಲೆ ನಾನು ಕೂರುತ್ತಿದ್ದ ಜಾಗದಲ್ಲಿ, ಟೀಚರ್ ಪಕ್ಕ, ಯಾರೋ ತಮ್ಮ ಚೀಲ ಇಟ್ಟುಕೊಂಡು ಕೂತಿರುವುದೂ ಕಂಡಿತು.

ಕೇಳಬಹುದಿತ್ತು. ಕೇಳಲಿಲ್ಲ.

ಭಾನುವಾರದ ಪೂಜೆಗೆ ಫೋನ್ ಇತ್ತು. ಬೆಂಗಳೂರಿನ ಯಾವುದೋ ದೊಡ್ಡ ದೇವಾಲಯದ ಪೂಜೆ ನೇರವಾಗಿ ಬರುತ್ತದೆ. ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು ಅವರೆಕಾಯಿ ಬಿಡಿಸುತ್ತ ನೋಡುತ್ತಿದ್ದೆ. ಸುಳ್ಳು ಹೇಳಬಾರದು, ಸುಖವಾಗಿತ್ತು. ಸೀರೆ ಉಡಬೇಕಿಲ್ಲ, ಬಸ್ಸಿಗೆ ಕಾಯಬೇಕಿಲ್ಲ. ಅಲ್ಲಿ ಹಾಡುವವರು ಅಪಸ್ವರ ತೆಗೆಯುವುದಿಲ್ಲ. ಹಾಲು ಉಕ್ಕಿದರೆ ಪೂಜೆಯನ್ನು ಬೆರಳಿನಿಂದ ನಿಲ್ಲಿಸಿ, ಹಾಲಿಳಿಸಿ ಬಂದು ಮತ್ತೆ ಶುರು ಮಾಡಬಹುದು. ಆದರೆ ಪ್ರತಿ ಪೂಜೆಯಲ್ಲಿ ಒಂದು ಗಳಿಗೆ ಬರುತ್ತದಲ್ಲ, ಫಾದರ್ ಎಲ್ಲರಿಗೂ ಪರಸ್ಪರ ಶಾಂತಿ ಕೋರಿರಿ ಎನ್ನುವುದು? ಅಭ್ಯಾಸಬಲದಿಂದ ಕೈಜೋಡಿಸಿ ಪಕ್ಕಕ್ಕೆ ತಿರುಗುತ್ತಿದ್ದೆ. ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್ ಇರುತ್ತಿತ್ತು. ಮೊದಲ ಸಲ ನಗು ಬಂತು. ಆಮೇಲಾಮೇಲೆ ಆ ಗಳಿಗೆ ಬರುವ ಹೊತ್ತಿಗೆ ಏನಾದರೂ ನೆಪ ಮಾಡಿಕೊಂಡು ಏಳುತ್ತಿದ್ದೆ.

ಜಪಸರದ ಕಥೆ ಇನ್ನೊಂದು. ಅದರ ಪ್ರತಿ ಪ್ರಾರ್ಥನೆಯೂ ಎರಡು ಭಾಗ. ಮುಂದಾಳು ಮೊದಲರ್ಧ ಹೇಳಿದರೆ, ಉಳಿದವರು ಇನ್ನರ್ಧವನ್ನು ಎತ್ತಿಕೊಳ್ಳುತ್ತಾರೆ. ಒಬ್ಬಳೇ ಕೂತರೆ ಎರಡನ್ನೂ ನಾನೇ ಹೇಳಬೇಕು. ಮೊದಮೊದಲು ಹೇಳಿದೆ. ಆಮೇಲೆ ಸುಸ್ತಿಗೆ ಮೊದಲರ್ಧ ಹೇಳಿ ಸುಮ್ಮನಾಗತೊಡಗಿದೆ. ಗೋಡೆಗಡಿಯಾರದ ಸದ್ದು ಕೇಳುತ್ತಿತ್ತು. ಮುಂದಿನ ಮಣಿಗೆ ಹೋಗುತ್ತಿದ್ದೆ. ಒಂದು ದಿನ ಮಣಿಗಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ. ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಸಾಕಾಗಿತ್ತು.

ಏಳನೇ ತಿಂಗಳು, ಎರಡನೇ ಶನಿವಾರ ಹತ್ತಿರ ಬಂದಾಗ, ಡ್ರಮ್ಮಿನ ಹಿಂದಿನ ಜಮಖಾನೆ ಕಣ್ಣಿಗೆ ಚುಚ್ಚತೊಡಗಿತು. ಇಲ್ಲಿಯ ಕಾಲೇಜಿನಲ್ಲಿ ಕ್ಲಾರ್ಕ್ ಆಗಿರುವ ನನ್ನ ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಕೊಟ್ಟು ಕಳಿಸಿಬಿಡು ಅತ್ಲಾಗ. ಹಡಗಲಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ರ ಟೀಚರಿಗೆ ಮುಟ್ಟಿಸ್ತಾನ" ಎಂದರು. ನಮ್ಮ ನಂತರದ ಪಾಳಿ ಹಡಗಲಿಯದೇ.

ಟೀಚರಿಗೆ ಒಂದು ಚೀಟಿ ಬರೆದೆ. ಮೂರು ಸಲ ಬರೆದು ಹರಿದು ನಾಲ್ಕನೆಯದನ್ನು ಉಳಿಸಿಕೊಂಡೆ. "ಜಮಖಾನೆ ಕಳಿಸಿದ್ದೇನೆ. ನನ್ನ ಆರೋಗ್ಯ ಮೊದಲಿನಂತಿಲ್ಲ. ದಯವಿಟ್ಟು ಇನ್ನು ಮುಂದೆ ನಮ್ಮ ಮನೆಯನ್ನು ಪಾಳಿಯಿಂದ ಬಿಡಿ. ನಾವು ಬರುವುದಿಲ್ಲ, ತಪ್ಪು ತಿಳಿಯಬೇಡಿ." ಕಾನ್ವೆಂಟಿನ ದುಂಡಗಿನ ಅಕ್ಷರ. ನೋಡಲು ಮದುವೆ ಕಾಗದದಂತಿತ್ತು. ನಾಲ್ಕು ಮಡಿಕೆ ಮಾಡಿ, ಮೇಲೆ "ಹಡಗಲಿ ಟೀಚರ್ ಅವರಿಗೆ" ಎಂದು ಬರೆದು ಸಕ್ಕರೆ ಡಬ್ಬಿಯ ಕೆಳಗಿಟ್ಟೆ. ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ.

ಕೊಳೆಯಾದ ಜಮಖಾನೆಯನ್ನು ಹಿಂದಿರುಗಿಸುವುದು ನನ್ನಿಂದಾಗದು. ಗುರುವಾರ ಬೆಳಿಗ್ಗೆ ಹಿತ್ತಲಲ್ಲಿ ಬಿಚ್ಚಿ ಹಾಸಿದೆ. ಮೇಣದ ಹನಿಗಳು ಒಂದೆಡೆ ಗಟ್ಟಿಯಾಗಿ ಕೂತಿದ್ದವು. ಉಗುರಿನಿಂದ ಕೆರೆದೆ. ಚಹಾ ಚೆಲ್ಲಿದ ಗುರುತು, ಮಂಡಕ್ಕಿಯ ಎರಡು ಕಾಳು, ಮಡಿಕೆಯಲ್ಲಿ ಹಳೆಯ ಬಸ್ ಟಿಕೆಟ್, ಟೇಲರ್‌ನ ಜೇಬಿನಿಂದ ಉದುರಿದ ಸೀಮೆಸುಣ್ಣದ ಚೂರು. ಬಕೆಟ್ಟಿನ ಮೇಲೆ ಬಕೆಟ್ ನೀರು ಹೊಯ್ದು ಸೋಪಿನ ಪುಡಿ ಹಾಕಿ ಕಾಲಿನಿಂದ ತುಳಿದೆ. ಅದು ಆಯಿತು. ಎತ್ತಲು ಹೋದಾಗ ತಿಳಿಯಿತು, ನೀರು ಕುಡಿದ ಜಮಖಾನೆ ಒಬ್ಬರಿಗೆ ಏಳುವ ವಸ್ತುವಲ್ಲ. ಒಂದು ಮೂಲೆ ಎತ್ತಿದರೆ ಇನ್ನೊಂದು ನೆಲಕ್ಕೆ ಅಂಟಿಕೊಳ್ಳುತ್ತದೆ. ಅದಲ್ಲದೆ ಡಾಕ್ಟರ್ ಭಾರ ಎತ್ತಬಾರದೆಂದಿದ್ದಾರೆ. ಒದ್ದೆ ಕಲ್ಲಿನ ಮೇಲೆ ಕೂತು ಅತ್ತೆ. ದೊಡ್ಡದಾಗೇನೂ ಅಲ್ಲ, ಮೂಗು ಒರೆಸಿಕೊಳ್ಳುವಷ್ಟು.

ಪಕ್ಕದ ಮನೆಯ ಅಕ್ಕ ಗೋಡೆಯಾಚೆ ಮೆಣಸಿನಕಾಯಿ ಹರವುತ್ತಿದ್ದವರು ಇಣುಕಿದರು. ಹಣೆಯ ತುಂಬ ವಿಭೂತಿ, ಕೈಯೆಲ್ಲ ಖಾರ.

"ಏನವಾ ಅದು, ಎಮ್ಮಿ ಮೈ ತೊಳದಂಗ ತೊಳೀತೀ? ಆಪ್ರೇಷನ್ ಆದಾಕಿ ನೀನು. ಬುದ್ಧಿ ಐತೇನು?"

ಬಂದವರೇ ಕೈ ತೊಳೆದು ಒಂದು ತುದಿ ಹಿಡಿದರು. ನಾನು ಇನ್ನೊಂದು ತುದಿಯನ್ನು ಬರೇ ಹಿಡಿದು ನಿಂತೆ. ಹಿಂಡಿದ್ದೆಲ್ಲ ಅವರೇ. ಮಾಳಿಗೆಗೆ ಹೊತ್ತು, ರಸ್ತೆ ಕಡೆಯ ಕಟ್ಟೆಗೋಡೆಯ ಮೇಲೆ ಹರವಿದ್ದೂ ಅವರೇ.

"ನಿಮ್ಮ ಮಂದಿ ಎಲ್ಲಿ ಹೋದ್ರವಾ? ಹಾಡು ಕೇಳಿ ಬಾಳ ದಿನ ಆತು. ಆ ಮುದಿಕಿ ಧ್ವನಿ ಆಕಳ ಕರಾ ಒದರಿದಂಗ ಇರ್ತಿತ್ತು, ಆದ್ರೂ ಕೇಳಾಕ ಚಂದಿತ್ತು."

"ಬೇರೆ ಕಡೆ ಸೇರ್ತಾರಕ್ಕಾ ಈಗ" ಎಂದೆ.

ಶುಕ್ರವಾರ ಸಂಜೆಯ ಬಸ್ಸಿಗೆ ಕೊಡಬೇಕೆಂದಿದ್ದೆ. ಮುಟ್ಟಿ ನೋಡಿದರೆ ನಡುವೆ ಇನ್ನೂ ತೇವ. ಶನಿವಾರ ಕೊಟ್ಟರಾಯಿತೆಂದು ಬಿಟ್ಟೆ.

ಶನಿವಾರ ಹತ್ತೂವರೆಗೆ, ನೈಟಿಯ ಮೇಲೆ ಟವೆಲ್ ಹೊದ್ದು ಅಕ್ಕಿ ಆರಿಸುತ್ತಿದ್ದಾಗ ಗೇಟು ಬಡಿದ ಸದ್ದಾಯಿತು. ನರ್ಸಕ್ಕ ನಿಂತಿದ್ದರು. ಬಿಳಿ ಸೀರೆ, ಬಗಲಲ್ಲಿ ಬಟ್ಟೆಯ ಚೀಲ. ಹಿಂದೆ ಟೇಲರ್, ಅವನ ಕೈಯಲ್ಲಿ ಮಂಡಕ್ಕಿಯ ದೊಡ್ಡ ಪ್ಲಾಸ್ಟಿಕ್ ಚೀಲ. ಅವನ ಹೆಂಡತಿಯ ಕೈಯಲ್ಲಿ ಹೆಚ್ಚಿದ ಈರುಳ್ಳಿಯ ಡಬ್ಬಿ.

"ಏನ್ ಹಂಗ ನೋಡ್ತೀಯವಾ? ಗೇಟ್ ತಗಿ. ಕಾಲು ಸೋತಾವು" ಎಂದರು ನರ್ಸಕ್ಕ.

ತೆಗೆದೆ.

"ಗುರುವಾರ ಹರಪನಹಳ್ಳಿ ಬಸ್ಸಿನಾಗ ಹೊಂಟಿದ್ದೆ. ನಿಮ್ಮ ಮಾಳಿಗಿ ಮ್ಯಾಲೆ ಜಮಖಾನಿ ಕಂಡ್ತು. ಕಂಡಕ್ಟರಿಗೆ ಹೇಳ್ದೆ, ನೋಡಪಾ, ನಮ್ಮ ಹುಡುಗಿ ಎದ್ದಾಳ, ಜಮಖಾನಿ ಒಗದಾಳ ಅಂತ. ಅವಗೇನು ತಿಳೀಬೇಕು, 'ಯಾವ ಸ್ಟಾಪ್ ಅಜ್ಜಿ' ಅಂದ. ಅಲ್ಲಿಂದಾನ ಎಲ್ಲಾರಿಗೂ ಫೋನ್ ಹಚ್ಚಿದೆ. ಗ್ರೂಪಿನಾಗ ಹಾಕಬ್ಯಾಡ್ರಿ, ಆಕಿ ಓಡ್ಯಾಡಿ ದಣೀತಾಳ, ಮಂಡಕ್ಕಿ ನಾವಾ ಒಯ್ಯೋಣು ಅಂದೆ."

"ಚಹಾಪುಡಿನೂ ತಂದೀನಕ್ಕಾ. ನೀವು ಕುಂಡ್ರಿ" ಎಂದಳು ಟೇಲರ್‌ನ ಹೆಂಡತಿ. ಹೇಳುತ್ತಲೇ ನನ್ನ ಕೈಯಿಂದ ಮೊರ ತೆಗೆದುಕೊಂಡಳು.

ನಾನು ಮೆಲ್ಲಗೆ ಕೇಳಿದೆ, "ಹೋದ ತಿಂಗಳ ಎಲ್ಲಿ ಆತ್ರಿ ಪ್ರಾರ್ಥನಿ?"

ನರ್ಸಕ್ಕ ಚಪ್ಪಲಿ ಬಿಡುತ್ತಿದ್ದವರು ನಿಂತರು. "ಎಲ್ಲಾಗಬೇಕು? ಜಮಖಾನಿ ಇಲ್ಲೇ ಇತ್ತಲ್ಲ."

"ಅದರ ಹಿಂದಿನ ತಿಂಗಳು?"

"ಏಳು ತಿಂಗಳಾತಕ್ಕಾ, ಎಲ್ಲೂ ಆಗಿಲ್ಲ" ಎಂದಳು ಟೇಲರ್‌ನ ಹೆಂಡತಿ.

"ಬಂದು ಒಯ್ಯಬೇಕಿತ್ತಲ್ರಿ. ಒಂದು ಮಾತು ಹೇಳಿದ್ರ ನಾನಾ ಕಳಿಸ್ತಿದ್ದೆ."

"ಹೆಂಗ ಒಯ್ಯೋದವಾ? ಬ್ಯಾನಿಯಾಗಿ ಮಲಗಿದಾಕಿ ಪಾಳಿ ಕಸಗೊಂಡಂಗ ಆಗತೈತಿ. ಕೇಳಿದ್ರೂ ಅಷ್ಟಾ, ಅವಸರ ಮಾಡಿದಂಗ. ನೀನಾ ಬರಬ್ಯಾಡ್ರಿ ಅಂದಿದ್ದಿ. ಎದ್ದ ದಿನ ಒಗೀತಾಳ, ಒಗದ ದಿನ ಹೋಗೋಣು ಅಂತ ಕುಂತ್ವಿ." ಚಪ್ಪಲಿ ಮೂಲೆಗೆ ಸರಿಸಿ, "ಏಳು ತಿಂಗಳು ಗ್ವಾಡಿಗೆ ಜಪಸರ ಹೇಳೀನಿ ನಾನು. ಗ್ವಾಡಿ ತಿರುಗಿ ಹೇಳಂಗಿಲ್ಲ ನೋಡು" ಎಂದರು.

ನಾನು ಒಳಗೆ ಹೋಗಿ ಸೀರೆ ಉಟ್ಟೆ. ಸೆರಗಿನ ಪಿನ್ನು ಚುಚ್ಚಲು ಬಹಳ ಹೊತ್ತು ಹಿಡಿಯಿತು. ಇವರೆಲ್ಲ ಹಸಿರು ಜಮಖಾನೆಯ ಮೇಲೆ ಕೂತಿದ್ದಾರೆಂದು ನಾನು ಸಿಟ್ಟಾಗಿದ್ದ ಅಷ್ಟೂ ಶನಿವಾರ ಇವರು ತಮ್ಮ ತಮ್ಮ ಮನೆಗಳಲ್ಲಿ ನನ್ನ ಹಾಗೇ ಒಬ್ಬೊಬ್ಬರೇ ಇದ್ದರು. ನಾನೊಬ್ಬಳು ಬಾಗಿಲು ಮುಚ್ಚಿಕೊಂಡದ್ದಕ್ಕೆ ಐದು ಊರುಗಳಲ್ಲಿ ಬಾಗಿಲು ಮುಚ್ಚಿತ್ತು. ಅದನ್ನು ತಪ್ಪೆಂದು ಹೇಳಿಕೊಳ್ಳಲು ಕೂಡ ಆ ಹೊತ್ತು ನನ್ನಲ್ಲಿ ಬಲವಿರಲಿಲ್ಲ.

ಹೊರಗೆ ಬರುವ ವೇಳೆಗೆ ಹರಪನಹಳ್ಳಿಯ ಗಂಡಹೆಂಡತಿ ಬಂದಿದ್ದರು. ಹಡಗಲಿಯ ಟೀಚರ್ ಗಂಡ ಮಕ್ಕಳೊಂದಿಗೆ ಬಂದು ಆಗಲೇ ಅಡುಗೆಮನೆ ಸೇರಿದ್ದರು. ನನ್ನ ಗಂಡ ಟೇಲರ್‌ನ ಜೊತೆ ಮಾಳಿಗೆಯಿಂದ ಜಮಖಾನೆ ಇಳಿಸುತ್ತಿದ್ದರು. ನನ್ನತ್ತ ನೋಡಿ ಹುಬ್ಬೇರಿಸಿದರು, ಕಂಡಕ್ಟರ್ ಏನಾದ ಎಂಬಂತೆ. ಆಗಲೇ ನನಗೆ ಚೀಟಿಯ ನೆನಪಾದದ್ದು. ಅಡುಗೆಮನೆಗೆ ಓಡಿದೆ. ಟೀಚರ್ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದರು. ಡಬ್ಬಿ ಅವರ ಕೈಯಲ್ಲಿತ್ತು. ಡಬ್ಬಿ ಇದ್ದ ಜಾಗ ಖಾಲಿ ಇತ್ತು.

"ಸಕ್ರಿ ಎಷ್ಟು ಹಾಕಲ್ರೀ?" ಎಂದರು. ಮುಖದಲ್ಲಿ ಏನೂ ಇರಲಿಲ್ಲ.

ಜಮಖಾನೆ ಹಾಸಿದರು. ಬಿಸಿಲಿನ ವಾಸನೆ, ಸೋಪಿನ ವಾಸನೆ, ಅದರಡಿ ಎಲ್ಲೋ ಮೆಣಸಿನಕಾಯಿಯ ಘಾಟು. ಟೀಚರ್ ಪಕ್ಕದಲ್ಲಿ ನನ್ನ ಜಾಗ ಬಿಟ್ಟಿದ್ದರು. ನರ್ಸಕ್ಕ ಮಣಿಗಳನ್ನು ನನ್ನ ಕೈಗಿಟ್ಟು, "ಮನಿಯಾಕಿ ಶುರು ಮಾಡ್ಲಿ" ಎಂದರು. ಶಿಲುಬೆಯ ಗುರುತು ಮಾಡಿ ಮೊದಲರ್ಧ ಹೇಳಿದೆ, ಅಭ್ಯಾಸದಂತೆ ಅಲ್ಲಿಗೇ ನಿಲ್ಲಿಸಿದೆ. ಉಳಿದರ್ಧ ಸುತ್ತಲಿನಿಂದ ಬಂತು. ಒಂದೊಂದು ದನಿ ಒಂದೊಂದು ಹೊತ್ತಿಗೆ ಮುಗಿಯುವ, ಯಾರೋ ಹಿಂದೆ ಬಿದ್ದು ಓಡಿಬರುವ, ನರ್ಸಕ್ಕನ ಕರ್ಕಶ ಕೊನೆಯಲ್ಲಿ ಒಂಟಿಯಾಗಿ ಉಳಿಯುವ ಆ ಅರ್ಧ. ಫೋನಿನಲ್ಲಿ ಹೀಗೆ ಇರುವುದಿಲ್ಲ. ನಾನು ಮುಂದಿನದಕ್ಕೆ ಹೋದೆ, ಅವರು ಎತ್ತಿಕೊಂಡರು. ಹತ್ತು ಮಣಿಗಳ ಮೂರನೆಯ ಸುತ್ತಿಗೆ ಬೆನ್ನು ಸೋತು ಗೋಡೆಗೆ ಒರಗಿದೆ. ನರ್ಸಕ್ಕ ಮಣಿಗಳನ್ನು ತೆಗೆದುಕೊಂಡು ನಾನು ಬಿಟ್ಟಲ್ಲಿಂದ ಮುಂದುವರಿಸಿದರು. ನಾನು ಕಣ್ಣು ಮುಚ್ಚಿದ್ದಷ್ಟೇ ನೆನಪು.

ಎಚ್ಚರವಾದಾಗ ಜಮಖಾನೆಯ ಮೇಲೆ ಉದ್ದಕ್ಕೆ ಮಲಗಿದ್ದೆ. ತಲೆಯ ಕೆಳಗೆ ಯಾರದೋ ಬಟ್ಟೆಯ ಚೀಲ, ಮೈಮೇಲೆ ನನ್ನದೇ ಟವೆಲ್. ಎಲ್ಲರೂ ಜಮಖಾನೆಯ ಸುತ್ತ ಬರಿನೆಲದ ಮೇಲೆ ಕೂತು ಪಿಸುಮಾತಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದರು. ಪಿಸುಮಾತಿನಲ್ಲಿ ತಿನ್ನುವುದು ಹೇಗೆಂದರೆ, ಹಸಿಮೆಣಸಿನಕಾಯಿ ಕಡಿದರೂ ಹಾ ಎನ್ನದೆ ಬಾಯಿಗೆ ಗಾಳಿ ಬೀಸಿಕೊಳ್ಳುವುದು.

"ಎದ್ದೆ? ಎರಡು ತಾಸು ಮಲಗಿದ್ದಿ. ಹಡಗಲಿ ಬಸ್ಸು ಒಂದು ಹೋತು" ಎಂದರು ನರ್ಸಕ್ಕ.

"ಎಬ್ಬಿಸಬೇಕಿತ್ತಲ್ರಿ!"

"ಎಬ್ಬಿಸಿ ಏನ್ ಮಾಡೋದು? ಜಮಖಾನಿ ಬೇಕಾಗಿತ್ತು, ಅದರ ಮ್ಯಾಲೆ ನೀ ಇದ್ದಿ. ಮುಂದಿನ ಬಸ್ಸೈತಿ."

ನಾಚಿಕೆಯಾಯಿತು. ಆದರೆ ಏಳು ತಿಂಗಳಲ್ಲಿ ಅಷ್ಟು ಗಾಢವಾಗಿ ನಾನು ಮಲಗಿರಲಿಲ್ಲ. ಸುಸ್ತೇನೂ ಹೋಗಿರಲಿಲ್ಲ, ಎದ್ದಾಗ ಇತ್ತು, ಈ ಸಾಲು ಬರೆಯುವಾಗಲೂ ಇದೆ.

ಜಮಖಾನೆ ಮಡಚಲು ಟೀಚರ್ ಒಂದು ತುದಿ ಹಿಡಿದರು, ನಾನು ಇನ್ನೊಂದು. ನಡುವೆ ಮಡಿಕೆ ಮಾಡಿ ತುದಿಗೆ ತುದಿ ಕೂಡಿಸಲು ಹತ್ತಿರ ಬಂದಾಗ ಅವರು ಮೆಲ್ಲಗೆ ಹೇಳಿದರು, "ಚೀಟಿ ಮುಟ್ಟೇತ್ರಿ."

"ಟೀಚರ್, ಅದು..."

"ಅಕ್ಷರ ಬಾಳ ಚಂದ ಅದಾವು. ನಮ್ಮ ಶಾಲಿ ಹುಡುಗ್ರಿಗೆ ತೋರಸ್ಬೇಕು ಅನ್ನೋ ಹಂಗ ಅದಾವು. ಇಂಥಾದ್ದಕ್ಕ ನಿಂತ ನಿಂತಲ್ಲೇ ಉತ್ರ ಕೊಡಾಕ ಬರಂಗಿಲ್ಲ. ಮುಂದಿನ ತಿಂಗಳ ನಮ್ಮ ಮನಿಗೆ ಬರ್ರಿ, ಅಲ್ಲೇ ಹೇಳ್ತೀನಿ."

"ನನಗ ಆಗತೈತೋ ಇಲ್ಲೋ ಟೀಚರ್. ಭಾರ ಎತ್ತಬ್ಯಾಡ ಅಂದಾರ ಡಾಕ್ಟ್ರು."

"ನಿಮ್ಮನ್ನೇನು ಜಮಖಾನಿ ಹೊತ್ಕೊಂಡು ಬರ್ರಿ ಅಂದೇನ್ರಿ? ಬಂದು ಅದರ ಮ್ಯಾಲೆ ಮಲಗ್ರಿ."

ಅವರ ಗಂಡ ಹಗ್ಗ ಬಿಗಿದು ಜಮಖಾನೆಯನ್ನು ಹೆಗಲಿಗೇರಿಸಿದರು. ಬಸ್ ನಿಲ್ದಾಣದ ತನಕ ಹೋಗುವಷ್ಟು ಶಕ್ತಿ ನನಗಿರಲಿಲ್ಲ. ಗೇಟಿನ ಬಳಿ ನಿಂತೆ. ಪಕ್ಕದ ಮನೆಯ ಅಕ್ಕ ತಮ್ಮ ಕಟ್ಟೆಯಿಂದ ನರ್ಸಕ್ಕನನ್ನು ಮಾತಾಡಿಸುತ್ತಿದ್ದರು. ಏನೆಂದರೋ, ನರ್ಸಕ್ಕ ಜೋರಾಗಿ ನಕ್ಕರು.

ಎಲ್ಲರೂ ಹೋದ ಮೇಲೆ ಒಳಗೆ ಬಂದೆ. ಲೋಟಗಳನ್ನೆಲ್ಲ ಯಾರೋ ತೊಳೆದು ಬೋರಲು ಹಾಕಿದ್ದರು. ಸಕ್ಕರೆ ಡಬ್ಬಿಯನ್ನು ಬೇರೆಲ್ಲೋ ಇಟ್ಟಿದ್ದರು. ಮರುದಿನ ಫೋನ್ ಆನಿಸಿಡಲು ಹುಡುಕಬೇಕಾಯಿತು. ಡ್ರಮ್ಮಿನ ಹಿಂದೆ ಖಾಲಿ ಜಾಗ. ಅಲ್ಲಿ ಕಸ ಗುಡಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಎರಡನೇ ಶನಿವಾರವನ್ನು ನೋಡಿದೆ.

"ಹಡಗಲಿಗೆ ಮುಂಜಾನಿ ಮೊದಲ ಬಸ್ಸು ಎಷ್ಟಕ್ಕೈತ್ರಿ?" ಎಂದು ಗಂಡನನ್ನು ಕೇಳಿದೆ.

"ಜಮಖಾನಿ ಹೋತಲ್ಲ, ಇನ್ನ ಬಸ್ಸ್ಯಾಕ ನಿನಗ?"

"ಉತ್ತರ ತರಬೇಕ್ರಿ" ಎಂದೆ.